ಅರಸು ಊರು ಒಡೆದರಾ? ನಮ್ಮಜ್ಜಿಯ ಎರಡು ಎಕರೆ ಮತ್ತು ಫಾರಂ ನಂಬರ್ 7

ಮುಡಿಅಕ್ಕಿ (ಚರ್ಚೆ ಶುರು ಮಾಡಿದವರು):

ಹೋದ ವಾರ ಊರಿಗೆ ಹೋಗಿದ್ದೆ. ಅಟ್ಟದ ಮೇಲಿದ್ದ ತಗಡಿನ ಪೆಟ್ಟಿಗೆ ಇಳಿಸಿ ಹಳೇ ಕಾಗದಗಳನ್ನು ಬಿಸಿಲಿಗೆ ಹರವುತ್ತಿದ್ದಾಗ ಭೂ ನ್ಯಾಯಮಂಡಳಿಯ ನೋಟೀಸು ಸಿಕ್ಕಿತು. 1976ರದ್ದು. ನಮ್ಮಜ್ಜಿಯ ಹೆಸರಿಗೆ ಬಂದದ್ದು. ಒಂದು ಮೂಲೆ ಗೆದ್ದಲು ತಿಂದಿದೆ, ಶಾಯಿ ಕಂದಿದೆ, ಸರ್ವೆ ನಂಬರು ಮಾತ್ರ ಇನ್ನೂ ನೆಟ್ಟಗೆ ಓದಬಹುದು.

ಕರಾವಳಿಯವರಿಗೆ ಈ ಕತೆ ಹೊಸದಲ್ಲ, ಉಳಿದವರಿಗಾಗಿ ಹೇಳುತ್ತೇನೆ. ಅಜ್ಜ ಬೇಗ ತೀರಿಕೊಂಡರು. ಅಜ್ಜಿಗೆ ಮೂರು ಸಣ್ಣ ಮಕ್ಕಳು, ಎರಡು ಎಕರೆ ಗದ್ದೆ. ಉಳುವ ಗಂಡಸು ಮನೆಯಲ್ಲಿ ಇಲ್ಲ. ಗದ್ದೆಯನ್ನು ಚಾಲಗೇಣಿಗೆ ಕೊಟ್ಟಿದ್ದರು. ವರ್ಷಕ್ಕೆ ಇಷ್ಟು ಮುಡಿ (ಹುಲ್ಲಿನಲ್ಲಿ ಕಟ್ಟಿದ ಮೂಟೆ) ಅಕ್ಕಿ ಅಂತ ಬಾಯಿಮಾತು, ಚೀಟಿ ಇಲ್ಲ. ಆ ಅಕ್ಕಿಯಲ್ಲೇ ಮನೆ ನಡೆಯುತ್ತಿತ್ತು. 1974ರ ಮಾರ್ಚ್ 1ಕ್ಕೆ ತಿದ್ದುಪಡಿಯಾದ ಭೂಸುಧಾರಣೆ ಕಾಯ್ದೆ ಜಾರಿಗೆ ಬಂತು. ಗೇಣಿಗೆ ಇದ್ದ ಭೂಮಿ ಎಲ್ಲ ಸರ್ಕಾರದ್ದು, ಉಳುತ್ತಿದ್ದವನು ಫಾರಂ ನಂಬರ್ 7ರಲ್ಲಿ ಅರ್ಜಿ ಹಾಕಿದರೆ ಅವನದ್ದು. ಮೊದಲಿನ ಕಾನೂನಿನಲ್ಲಿ ವಿಧವೆಯರಿಗೆ, ಸಣ್ಣ ಹಿಡುವಳಿದಾರರಿಗೆ ಒಂದಿಷ್ಟು ರಿಯಾಯಿತಿ ಇತ್ತು. ಆಗಿನ ಮುಖ್ಯಮಂತ್ರಿ ದೇವರಾಜ ಅರಸು ಅವರ ಸರ್ಕಾರ ಅದನ್ನು ಕಿತ್ತು ಹಾಕಿತು. ಸೈನಿಕರಿಗೆ, ಹಡಗಿನ ನೌಕರರಿಗೆ ಬಿಟ್ಟರೆ ಯಾರಿಗೂ ವಿನಾಯಿತಿ ಇಲ್ಲ.

ಅರ್ಜಿ ಹಾಕುವ ಹಿಂದಿನ ರಾತ್ರಿ ನಮ್ಮ ಗದ್ದೆ ಉಳುತ್ತಿದ್ದ ಒಕ್ಕಲಿನವರು ಮನೆಗೆ ಬಂದರಂತೆ. ಜಗಲಿ ಹತ್ತಲಿಲ್ಲ. ಅದುವರೆಗೆ ಯಾವತ್ತೂ ಹತ್ತಿದವರೂ ಅಲ್ಲ. ಅಂಗಳದಲ್ಲೇ ನಿಂತು, "ಅಮ್ಮಾ, ನಾಳೆ ಅರ್ಜಿ ಹಾಕ್ತೇನೆ, ನಿಮಗೆ ಹೇಳದೆ ಹಾಕೋದು ಬೇಡ ಅಂತ ಬಂದೆ" ಅಂದರಂತೆ. ಅಜ್ಜಿ ಏನೂ ಹೇಳದೆ ಚಿಮಣಿ ದೀಪ ತೆಗೆದುಕೊಂಡು ಒಳಗೆ ಹೋದರು. ಅಂಗಳ ಕತ್ತಲಾಯಿತು. ಈ ಒಂದು ವಿವರವನ್ನು ಅಪ್ಪ ನೂರು ಸಲ ಹೇಳಿದ್ದಾರೆ. ಅಪ್ಪನಿಗೆ ಆಗ ಹನ್ನೆರಡು ವರ್ಷ.

ಆಮೇಲೆ ಹನ್ನೊಂದು ವರ್ಷ ಎರಡು ಮನೆಗೂ ಮಾತಿಲ್ಲ. ಒಂದೇ ಬಾವಿಯ ದಾರಿ, ಎದುರು ಬಂದರೆ ಮುಖ ಆ ಕಡೆ. ನಮ್ಮ ಮನೆಯಲ್ಲಿ ದೇವರಾಜ ಅರಸು ಅಂದರೆ ಬೈಗುಳ. ಹಾಲು ಒಡೆದರೂ "ಅರಸು ಬಂದ ನೋಡು" ಅನ್ನುವಷ್ಟು. ನಾನು ಮೈಸೂರಿಗೆ ಓದಲು ಹೋದಾಗ ಹಾಸ್ಟೆಲಿನ ಗೆಳೆಯನ ಮನೆಗೆ ಹಬ್ಬಕ್ಕೆ ಹೋಗಿದ್ದೆ. ಅವರ ದೇವರ ಗೂಡಿನ ಪಕ್ಕ ಒಂದು ಫೋಟೋ, ಅದಕ್ಕೆ ಚೆಂಡು ಹೂವಿನ ಹಾರ. ಯಾರು ಅಂತ ನೋಡಿದರೆ ಅರಸು. ನನಗೆ ಆವತ್ತು ಊಟ ಸೇರಲಿಲ್ಲ, ನಿಜ ಹೇಳುತ್ತೇನೆ.

ಈಗ ಟೀವಿ ಹಾಕಿದರೆ ನಾಯಕರು ಸಮಾಜ ಒಡೆಯುತ್ತಿದ್ದಾರೆ ಅನ್ನುವ ಮಾತು ದಿನಾ ಕೇಳುತ್ತೇವೆ. ಈ ಪಕ್ಷದವರು ಆ ಪಕ್ಷದವರಿಗೆ, ಆ ಪಕ್ಷದವರು ಈ ಪಕ್ಷದವರಿಗೆ. ನನ್ನ ಪ್ರಶ್ನೆ ಇಷ್ಟೇ. ಅರಸು ನಮ್ಮೂರನ್ನು ಒಡೆದರಾ? ನನಗೆ ಈಗ ಹಾಗೆ ಅನ್ನಿಸುವುದಿಲ್ಲ. ಜಗಲಿ ಯಾರದ್ದು, ಅಂಗಳ ಯಾರದ್ದು ಅನ್ನುವುದು ಅರಸು ಹುಟ್ಟುವ ಮೊದಲೇ ತೀರ್ಮಾನ ಆಗಿತ್ತು. ಆದರೂ ಅಜ್ಜಿಯ ಆ ದೀಪ ನನ್ನ ತಲೆಯಿಂದ ಹೋಗುವುದಿಲ್ಲ. ನಾಯಕ ಸರಿಯಾದ ಕೆಲಸವನ್ನೇ ಮಾಡಿದ, ಸರಿ. ಆ ಕೆಲಸದಲ್ಲಿ ಕಳೆದುಕೊಂಡವರ ಹತ್ತಿರ ಅವನು ಏನಾದರೂ ಹೇಳಬೇಕಾಗಿತ್ತಾ, ಇಲ್ಲವಾ? ಬೈಯದೆ ಬರೆಯಿರಿ.

ಹುಣಸೇಕಟ್ಟೆ:

ಬೈಯುವುದಿಲ್ಲ ಸ್ವಾಮಿ. ಆದರೆ ನಿಮ್ಮ ಗೆಳೆಯನ ಮನೆಯ ಫೋಟೋ ನಮ್ಮ ಮನೆಯಲ್ಲೂ ಇದೆ, ಅದಕ್ಕೆ ಬರೆಯುತ್ತಿದ್ದೇನೆ.

ನಮ್ಮ ತಾತನಿಗೆ ಸಿಕ್ಕಿದ್ದು ಒಂದು ಎಕರೆ ಇಪ್ಪತ್ತು ಗುಂಟೆ. ಮಲೆನಾಡಿನ ಕಡೆ. ನೀವು ಅಂಗಳದಲ್ಲಿ ನಿಂತವರ ಬಗ್ಗೆ ಬರೆದಿರಿ. ನಾನು ನಿಂತವರ ಕಡೆಯಿಂದ ಹೇಳುತ್ತೇನೆ. ತಾತ ಅರ್ಜಿ ಹಾಕುವುದೇ ಬೇಡ ಅಂತ ಕೂತಿದ್ದರು. ಒಡೆಯರ ಅನ್ನ ತಿಂದಿದ್ದೇವೆ, ಅವರ ಮುಂದೆ ನಿಂತು ನಿಮ್ಮ ಗದ್ದೆ ನಮ್ಮದು ಅನ್ನುವುದು ಹೇಗೆ ಅಂತ. ಅಜ್ಜಿ ಬಿಡಲಿಲ್ಲ. "ಅನ್ನ ಅವರದ್ದಲ್ಲ, ಬೆಳೆದವಳು ನಾನು" ಅಂತ ಗಂಡನನ್ನು ಎಬ್ಬಿಸಿ ಕಳಿಸಿದಳು. ಎರಡು ಮೂರು ಸಲ ವಾಪಸ್ ಬಂದರು. ದಾರಿಯಲ್ಲಿ ಒಡೆಯರ ಕಡೆಯವರು ಸಿಕ್ಕಿದರು ಅಂತ ಒಂದು ಸಲ, ಕಚೇರಿಯ ಜವಾನ ಗದರಿದ ಅಂತ ಇನ್ನೊಂದು ಸಲ.

ನ್ಯಾಯಮಂಡಳಿ ಅಂದರೆ ಐದು ಜನ. ಅಸಿಸ್ಟೆಂಟ್ ಕಮಿಷನರ್ ಅಧ್ಯಕ್ಷ, ಸರ್ಕಾರ ನೇಮಿಸಿದ ನಾಲ್ವರು, ಅದರಲ್ಲಿ ಒಬ್ಬರಾದರೂ ಪರಿಶಿಷ್ಟರು. ವಕೀಲರು ಬರುವ ಹಾಗಿಲ್ಲ ಅಂತ ಕಾಯ್ದೆಯಲ್ಲೇ ಬರೆದಿತ್ತು. ಅದು ಎಷ್ಟು ದೊಡ್ಡ ಮಾತು ಗೊತ್ತಾ? ವಕೀಲರನ್ನು ಇಟ್ಟುಕೊಳ್ಳುವ ತಾಕತ್ತು ಒಂದೇ ಕಡೆಗೆ ಇತ್ತು. ತಾತ ತಾವೇ ಮಾತಾಡಬೇಕಾಯಿತು. ಬೇಲಿ ಯಾರು ಹಾಕಿದ್ದು, ಸಸಿ ಮಡಿ ಎಲ್ಲಿ ಮಾಡುತ್ತಿದ್ದಿರಿ, ನೀರು ಯಾವ ಕಡೆಯಿಂದ ಬರುತ್ತದೆ ಅಂತ ಕೇಳಿದರಂತೆ. ತಾತ ಒಂದೊಂದಕ್ಕೂ ಉತ್ತರ ಹೇಳಿದರು. ಒಡೆಯರ ಮಗನಿಗೆ ನೀರು ಯಾವ ಕಡೆಯಿಂದ ಬರುತ್ತದೆ ಅಂತ ಗೊತ್ತಿರಲಿಲ್ಲ. ಅಲ್ಲಿಗೆ ಮುಗಿಯಿತು.

ಒಡಕು ಅಂತೀರಿ. ಕಾಗೋಡು ಸತ್ಯಾಗ್ರಹ ಆಗಿದ್ದು 1951ರಲ್ಲಿ. ಯಾಕೆ ಆಯಿತು? ಗೇಣಿ ಭತ್ತ ಅಳೆಯುವ ಕೊಳಗ ದೊಡ್ಡದಿತ್ತು ಅಂತ. ಅಳತೆಯ ಪಾತ್ರೆಯಲ್ಲೇ ಮೋಸ. ಗಣಪತಿಯಪ್ಪನವರು ರೈತರನ್ನು ಕಟ್ಟಿಕೊಂಡು ನಿಂತರು, ಸಮಾಜವಾದಿ ನಾಯಕರಾದ ಶಾಂತವೇರಿ ಗೋಪಾಲಗೌಡರು ಬಂದರು, ಲೋಹಿಯಾ ಬಂದು ಅರೆಸ್ಟ್ ಆದರು. ಅರಸು ಮುಖ್ಯಮಂತ್ರಿ ಆಗುವುದಕ್ಕೆ ಇಪ್ಪತ್ತೊಂದು ವರ್ಷ ಮೊದಲು. ಆಗ ಒಡೆದವರು ಯಾರು?

ಪೇಟೆಬೀದಿ:

ಇಷ್ಟುದ್ದ ಯಾರು ಓದುತ್ತಾರೆ ಮಾರಾಯ್ರೆ. ಎರಡು ಲೈನಲ್ಲಿ ಹೇಳಿ, ಅರಸು ಒಳ್ಳೆಯವರಾ ಕೆಟ್ಟವರಾ?

ಮುಡಿಅಕ್ಕಿ:

ನಮ್ಮಪ್ಪನನ್ನು ಕೇಳಿದರೆ ಒಂದೇ ಲೈನಲ್ಲಿ ಹೇಳುತ್ತಾರೆ. ಇಲ್ಲಿ ಬರೆಯುವ ಹಾಗಿಲ್ಲ.

ಬೈಟೂಕಾಫಿ:

ಎಲ್ಲರೂ ಕಣ್ಣು ಒದ್ದೆ ಮಾಡಿಕೊಂಡಿದ್ದೀರಿ, ನಾನು ಸ್ವಲ್ಪ ಉಪ್ಪು ಹಾಕುತ್ತೇನೆ. ಮೂಲ ಬರಹದಲ್ಲಿ 1974 ಇದೆ, 1976 ಇದೆ. ನಡುವೆ 1975 ಎಲ್ಲಿ ಹೋಯಿತು?

ತುರ್ತು ಪರಿಸ್ಥಿತಿ ಘೋಷಣೆಯಾದ ಮಾರನೇ ದಿನವೇ ವಾಜಪೇಯಿ, ಅಡ್ವಾಣಿ, ಮಧು ದಂಡವತೆ ಅರೆಸ್ಟ್ ಆಗಿದ್ದು ಎಲ್ಲಿ? ಬೆಂಗಳೂರಿನಲ್ಲಿ. ಸಂಸತ್ತಿನ ಸಮಿತಿಯ ಸಭೆಗೆ ಬಂದಿದ್ದರು. ಈಗ ಫ್ರೀಡಂ ಪಾರ್ಕ್ ಅಂತ ಹುಲ್ಲು ಬೆಳೆಸಿ ವಾಕಿಂಗ್ ಮಾಡುತ್ತೀವಲ್ಲ, ಅದೇ ಸೆಂಟ್ರಲ್ ಜೈಲಿನಲ್ಲಿ ಇಟ್ಟರು. ಕಾರ್ಮಿಕ ನಾಯಕ ಜಾರ್ಜ್ ಫರ್ನಾಂಡಿಸ್ ಸಿಗಲಿಲ್ಲ ಅಂತ ತಮ್ಮ ಲಾರೆನ್ಸರನ್ನು ಹಿಡಿದು ಹೊಡೆದದ್ದು ಬೆಂಗಳೂರಿನ ಪೊಲೀಸರು. ನಟಿ ಸ್ನೇಹಲತಾ ರೆಡ್ಡಿ ಅಸ್ತಮಾ ಇಟ್ಟುಕೊಂಡು ಅದೇ ಜೈಲಿನಲ್ಲಿ ಎಂಟು ತಿಂಗಳು ಕೊಳೆತರು. 1977ರ ಜನವರಿಯಲ್ಲಿ ಪೆರೋಲ್ ಮೇಲೆ ಹೊರಗೆ ಬಂದು ಕೆಲವೇ ದಿನದಲ್ಲಿ ಸತ್ತರು. ಆಗ ಮುಖ್ಯಮಂತ್ರಿ ಯಾರು? ಫೋಟೋಗೆ ಹಾರ ಹಾಕಿಸಿಕೊಂಡವರೇ.

ನಿಮ್ಮ ನ್ಯಾಯಮಂಡಳಿಗಳು ಭರದಿಂದ ಕೆಲಸ ಮಾಡಿದ್ದೂ ಅದೇ ದಿನಗಳಲ್ಲಿ. ವಿರೋಧ ಮಾಡುವವರ ಬಾಯಿ ಮುಚ್ಚಿದ್ದಾಗ. ಹಾಗಾಗಿ ನನ್ನ ಪ್ರಶ್ನೆ ಬೇರೆ. ಜನ ಎರಡು ಭಾಗ ಆಗಿದ್ದಾಗ ಒಂದು ಭಾಗದ ಬಾಯಿಗೆ ಬಟ್ಟೆ ತುರುಕಿ ಒಳ್ಳೆಯ ಕೆಲಸ ಮಾಡಿದರೆ ಅದಕ್ಕೆ ನಾಯಕತ್ವ ಅನ್ನಬೇಕಾ? ಅರಸು ಮೇಲಿನ ಆರೋಪಗಳ ತನಿಖೆಗೆ ಕೂತ ಗ್ರೋವರ್ ಆಯೋಗ, ಸ್ವಜನಪಕ್ಷಪಾತ, ಹಣದ ಕತೆ ಎಲ್ಲ ಬೇರೆ ಇದೆ, ಈಗ ಅದಕ್ಕೆ ಹೋಗುವುದಿಲ್ಲ.

ಹುಣಸೇಕಟ್ಟೆ:

ಕಾಯ್ದೆ ಬಂದಿದ್ದು ತುರ್ತು ಪರಿಸ್ಥಿತಿಗೆ ಒಂದು ವರ್ಷ ಮೊದಲು. ಶಾಸನಸಭೆಯಲ್ಲಿ ಚರ್ಚೆ ಆಗಿ ಬಂದದ್ದು. ಫಾರಂ 7 ಹಾಕುವ ಕೊನೆಯ ದಿನವನ್ನು ಮುಂದೂಡಿ ಮುಂದೂಡಿ 1979ರ ಜೂನ್ 30ರವರೆಗೆ ತಂದರು. ತುರ್ತು ಪರಿಸ್ಥಿತಿ ಮುಗಿದು ಎರಡು ವರ್ಷ ಆದ ಮೇಲೂ ಅರ್ಜಿ ಬರುತ್ತಿದ್ದವು. ಒಟ್ಟು 8 ಲಕ್ಷಕ್ಕೂ ಹೆಚ್ಚು. ಇಷ್ಟೂ ಜನ ಇಂದಿರಾ ಗಾಂಧಿಯ ಲಾಠಿ ಹಿಡಿದುಕೊಂಡು ಬಂದರಾ?

ಬೈಟೂಕಾಫಿ:

ಎಂಟು ಲಕ್ಷ ಅರ್ಜಿ ಸರಿ. ಸ್ನೇಹಲತಾ ರೆಡ್ಡಿ ಒಂದೇ ಜೀವ, ಅದೂ ಸರಿ. ಎರಡನ್ನೂ ಒಂದೇ ತಕ್ಕಡಿಯಲ್ಲಿ ಹಾಕಿ ತೂಗುವುದಕ್ಕೆ ನನ್ನಿಂದ ಆಗುವುದಿಲ್ಲ. ನಿಮ್ಮಿಂದ ಆದರೆ ನಿಮಗೆ ಬಿಟ್ಟದ್ದು.

ಚಾಕ್‌ಪೀಸ್:

ಮಕ್ಕಳೇ, ನಾನು ರಿಟೈರಾದ ಮೇಷ್ಟ್ರು. ಪಾಠ ಮಾಡುವ ಚಟ ಬಿಟ್ಟಿಲ್ಲ, ಸಹಿಸಿಕೊಳ್ಳಿ.

ಭೂಮಿ ಒಂದನ್ನೇ ಹಿಡಿದುಕೊಂಡರೆ ಅರಸು ಅರ್ಧ ಮಾತ್ರ ಕಾಣುತ್ತಾರೆ. 1956ರಲ್ಲಿ ರಾಜ್ಯ ಒಂದಾದ ಮೇಲೆ ಮುಖ್ಯಮಂತ್ರಿ ಆದವರನ್ನು ಎಣಿಸಿ. ನಿಜಲಿಂಗಪ್ಪ, ಜತ್ತಿ, ಕಂಠಿ, ಮತ್ತೆ ನಿಜಲಿಂಗಪ್ಪ, ವೀರೇಂದ್ರ ಪಾಟೀಲ. ಎಲ್ಲರೂ ಲಿಂಗಾಯತರು. ಅದಕ್ಕೆ ಮೊದಲು ಹಳೇ ಮೈಸೂರಿನಲ್ಲಿ ಒಕ್ಕಲಿಗರ ಕಾಲ. ಈ ಎರಡು ಸಮುದಾಯ ಬಿಟ್ಟು ಮೂರನೆಯವರು ಆ ಕುರ್ಚಿಯಲ್ಲಿ ಕೂರಬಹುದು ಅಂತ ಯಾರೂ ಅಂದುಕೊಂಡಿರಲಿಲ್ಲ. 1969ರ ಜುಲೈನಲ್ಲಿ ಲಾಲ್‌ಬಾಗಿನ ಗಾಜಿನ ಮನೆಯಲ್ಲಿ ಕಾಂಗ್ರೆಸ್ ಅಧಿವೇಶನ ಆಯಿತು. ಆ ಗಾಜಿನ ಮನೆಯಲ್ಲೇ ಪಕ್ಷ ಬಿರುಕು ಬಿಟ್ಟಿತು ಅಂತ ಆಗ ನಾವು ತಮಾಷೆ ಮಾಡುತ್ತಿದ್ದೆವು. ನಿಜಲಿಂಗಪ್ಪನವರೇ ಪಕ್ಷದ ಅಧ್ಯಕ್ಷರು. ನವೆಂಬರಿನಲ್ಲಿ ಇಂದಿರಾ ಗಾಂಧಿಯನ್ನು ಪಕ್ಷದಿಂದ ಹೊರಗೆ ಹಾಕಿದರು. ರಾಜ್ಯದ ದೊಡ್ಡ ತಲೆಗಳೆಲ್ಲ ನಿಜಲಿಂಗಪ್ಪನವರ ಕಡೆ. ಇಂದಿರಾ ಕಡೆ ಉಳಿದವರಲ್ಲಿ ಹುಣಸೂರಿನ ಕಲ್ಲಹಳ್ಳಿಯ ಅರಸು ಒಬ್ಬರು. ಅವರ ಅರಸು ಸಮುದಾಯ ಎಷ್ಟು ಸಣ್ಣದು ಅಂದರೆ ಅದನ್ನು ನಂಬಿಕೊಂಡು ಗ್ರಾಮ ಪಂಚಾಯಿತಿ ಗೆಲ್ಲುವುದೂ ಕಷ್ಟ.

1972ರಲ್ಲಿ 216ರಲ್ಲಿ 165 ಸೀಟು. ಅರಸು ಮುಖ್ಯಮಂತ್ರಿ. ಅದೇ ವರ್ಷ ಎಲ್.ಜಿ. ಹಾವನೂರ್ ಅವರ ಅಧ್ಯಕ್ಷತೆಯಲ್ಲಿ ಹಿಂದುಳಿದ ವರ್ಗಗಳ ಆಯೋಗ ಮಾಡಿದರು. ಹಾವನೂರ್ ಬೇಡರ ಸಮುದಾಯದ ವಕೀಲರು. ಊರೂರು ಸುತ್ತಿದರು. ಯಾವ ಜಾತಿಯಲ್ಲಿ ಎಷ್ಟು ಮಕ್ಕಳು ಎಸ್ಸೆಸ್ಸೆಲ್ಸಿ ಪಾಸಾಗಿದ್ದಾರೆ, ಸರ್ಕಾರಿ ಕೆಲಸದಲ್ಲಿ ಎಷ್ಟು ಜನ ಇದ್ದಾರೆ ಅಂತ ಲೆಕ್ಕ ತೆಗೆದರು. ಅಲ್ಲಿಯವರೆಗೆ ಸರ್ಕಾರಿ ಕಡತದಲ್ಲಿ ಹೆಸರೇ ಕಾಣದಿದ್ದ ಜಾತಿಗಳು ಆ ವರದಿಯಲ್ಲಿ ಬಂದವು. 1975ರ ನವೆಂಬರಿನಲ್ಲಿ ವರದಿ ಕೊಟ್ಟಾಗ ಲಿಂಗಾಯತರು ಪಟ್ಟಿಯಲ್ಲಿ ಇರಲಿಲ್ಲ. ಒಕ್ಕಲಿಗರು ಇದ್ದರು. ಆಗ ಎದ್ದ ಗಲಾಟೆ ಕೇಳಬೇಡಿ. ನನ್ನ ಸಹೋದ್ಯೋಗಿ ಒಬ್ಬರು, ಬಸವಣ್ಣನ ವಚನ ಹೇಳಿಕೊಂಡೇ ತರಗತಿ ಶುರು ಮಾಡುತ್ತಿದ್ದವರು, ಆ ವಾರ ಸ್ಟಾಫ್‌ರೂಮಿನಲ್ಲಿ ನನ್ನ ಜೊತೆ ಟೀ ಕುಡಿಯುವುದನ್ನು ನಿಲ್ಲಿಸಿದರು. ನಾನು ಕುರುಬರವನು. ನಾನು ಏನೂ ಮಾಡಿರಲಿಲ್ಲ, ಪಟ್ಟಿಯಲ್ಲಿ ಇದ್ದೆ ಅಷ್ಟೇ.

ಈಗ ಮುಡಿಅಕ್ಕಿಯವರ ಪ್ರಶ್ನೆಗೆ ಬರುತ್ತೇನೆ. ವರದಿ ಬರುವ ಮೊದಲು ನಾವಿಬ್ಬರೂ ಒಟ್ಟಿಗೆ ಟೀ ಕುಡಿಯುತ್ತಿದ್ದದ್ದು ನಿಜವಾದ ಸ್ನೇಹವೇ? ಹೌದು, ನಿಜವೇ. ಆದರೆ ಯಾರಿಗೂ ಏನೂ ಕೊಡಬೇಕಾಗಿಲ್ಲದೆ ಇದ್ದಾಗಿನ ಸ್ನೇಹ. ನಾಲ್ಕು ತಿಂಗಳು ಬಿಟ್ಟು ಅವರೇ ಬಂದು ಪಕ್ಕ ಕೂತರು. ಇಬ್ಬರೂ ಆ ವಿಷಯ ಎತ್ತಲಿಲ್ಲ. ಅವರು ತೀರಿಕೊಳ್ಳುವವರೆಗೂ ಎತ್ತಲಿಲ್ಲ.

ಮಲ್ನಾಡ್‌ಗಿಡ್ಡ:

ಮೇಷ್ಟ್ರೇ, ಬೂಸಾ ಗಲಾಟೆ ಬಿಟ್ಟುಬಿಟ್ಟಿರಲ್ಲ.

ಚಾಕ್‌ಪೀಸ್:

ಬಿಟ್ಟಿಲ್ಲ, ಅದನ್ನು ನೆನೆದರೆ ಮನಸ್ಸು ಕೆಡುತ್ತದೆ. 1973ರ ನವೆಂಬರಿನಲ್ಲಿ ಬಸವಲಿಂಗಪ್ಪನವರು ಮೈಸೂರಿನಲ್ಲಿ ಮಾತಾಡುತ್ತಾ ಕನ್ನಡ ಸಾಹಿತ್ಯದಲ್ಲಿ ಹೆಚ್ಚಿನದ್ದು ಬೂಸಾ ಅಂದರು. ಮಂತ್ರಿ, ದಲಿತರು, ತಲೆಯ ಮೇಲೆ ಮಲ ಹೊರುವುದನ್ನು ನಿಲ್ಲಿಸಿದವರು. ಆ ಒಂದು ಪದಕ್ಕೆ ರಾಜ್ಯ ಹೊತ್ತಿಕೊಂಡಿತು. ಕಾಲೇಜು ಬಂದ್, ಮೆರವಣಿಗೆ, ಕಲ್ಲು. ಹಾಸ್ಟೆಲಿನಲ್ಲಿದ್ದ ದಲಿತ ಹುಡುಗರನ್ನು ಹುಡುಕಿ ಹುಡುಕಿ ಹೊಡೆದರು. ಕನ್ನಡಕ್ಕೆ ಅವಮಾನ ಆಯಿತು ಅಂತ ಕೂಗಿದವರಲ್ಲಿ ಎಷ್ಟು ಜನ ಅದುವರೆಗೆ ಒಂದು ಕನ್ನಡ ಪುಸ್ತಕ ಓದಿದ್ದರೋ ನನಗೆ ಅನುಮಾನ. ಸಿಟ್ಟು ಬೂಸಾ ಅನ್ನುವ ಪದದ ಮೇಲಿತ್ತಾ, ಅದನ್ನು ಹೇಳಿದ ಬಾಯಿಯ ಮೇಲಿತ್ತಾ?

ಇಲ್ಲಿ ಅರಸು ಸೋತರು ಅಂತ ನನ್ನ ಅಭಿಪ್ರಾಯ. ಬಸವಲಿಂಗಪ್ಪನವರು ರಾಜೀನಾಮೆ ಕೊಡಬೇಕಾಯಿತು. ಅರಸು ಲೆಕ್ಕ ಹಾಕಿದರು, ಒಬ್ಬ ಮಂತ್ರಿಯನ್ನು ಉಳಿಸಿಕೊಳ್ಳಲು ಹೋಗಿ ಮುಂದಿನ ವರ್ಷದ ಭೂಮಿ ಕಾಯ್ದೆ ಕಳೆದುಕೊಳ್ಳುವುದು ಬೇಡ ಅಂತ ಇರಬಹುದು. ಇರಬಹುದು, ನಾನು ಅವರ ತಲೆಯೊಳಗೆ ಕೂತಿರಲಿಲ್ಲ. ಆದರೆ ಹೊಡೆಸಿಕೊಂಡ ಹುಡುಗರಿಗೆ ಆವತ್ತು ಗೊತ್ತಾಯಿತು, ವಿಧಾನಸೌಧದಲ್ಲಿ ನಮ್ಮವರು ಕೂತರೂ ಅವರನ್ನು ಎಬ್ಬಿಸುವುದು ಇಷ್ಟು ಸುಲಭ ಅಂತ. ದಲಿತ ಸಂಘರ್ಷ ಸಮಿತಿ ಹುಟ್ಟಿದ್ದು ಆ ಸಿಟ್ಟಿನಲ್ಲಿ. ದೇವನೂರ ಮಹಾದೇವ, ಸಿದ್ಧಲಿಂಗಯ್ಯ, ಭದ್ರಾವತಿಯ ಬಿ. ಕೃಷ್ಣಪ್ಪ, ಎಲ್ಲರೂ ಆ ಬೆಂಕಿಯಲ್ಲಿ ಕಾದವರೇ.

ಮಲ್ನಾಡ್‌ಗಿಡ್ಡ:

ಚಿಕ್ಕಮಗಳೂರಿನವನಾಗಿ ನಾನು ಸುಮ್ನೆ ಇರೋಕೆ ಆಗಲ್ಲ. 1978ರ ನವೆಂಬರ್. ಸೋತು ಮನೆಯಲ್ಲಿದ್ದ ಇಂದಿರಾ ಗಾಂಧಿಗೆ ಚಂದ್ರೇಗೌಡರು ಸೀಟು ಬಿಟ್ಟುಕೊಟ್ಟರು. ಎದುರು ವೀರೇಂದ್ರ ಪಾಟೀಲರು. ಏಕ್ ಶೇರನಿ ಸೌ ಲಂಗೂರ್ (ಒಂದು ಹೆಣ್ಣು ಸಿಂಹ, ನೂರು ಕೋತಿ) ಅಂತ ಗೋಡೆ ಗೋಡೆಯ ಮೇಲೆ. ಹಿಂದಿ ಒಂದಕ್ಷರ ಬಾರದ ಹುಡುಗರೆಲ್ಲ ಕೂಗುತ್ತಿದ್ದರು, ನಾನೂ ಕೂಗಿದ್ದೆ, ಆರು ವರ್ಷ ನನಗೆ. ಜಾರ್ಜ್ ಫರ್ನಾಂಡಿಸ್ ಬಂದು ಕ್ಯಾಂಪ್ ಹಾಕಿದ್ದರು. ನಮ್ಮಪ್ಪ ಕಾಫಿ ತೋಟದಲ್ಲಿ ರೈಟರ್. ತೋಟದ ಧಣಿ ಜನತಾ ಪಕ್ಷ, ಕೂಲಿಯವರ ಲೈನ್ ಮನೆಯವರೆಲ್ಲ ಇಂದಿರಮ್ಮ. ಅಪ್ಪ ನಡುವೆ. ಬೆಳಿಗ್ಗೆ ಬಂಗಲೆಯಲ್ಲಿ ಒಂದು ತಲೆಯಾಡಿಸಿ, ಸಂಜೆ ಲೈನಿನಲ್ಲಿ ಇನ್ನೊಂದು ತಲೆಯಾಡಿಸಿ, ಓಟು ಯಾರಿಗೆ ಹಾಕಿದರು ಅಂತ ಅಮ್ಮನಿಗೂ ಹೇಳದೆ ಹೋದರು.

ಇಂದಿರಾ 77 ಸಾವಿರಕ್ಕೂ ಹೆಚ್ಚು ಓಟಿನಿಂದ ಗೆದ್ದರು. ಅರಸು ಟೊಂಕ ಕಟ್ಟಿ ಗೆಲ್ಲಿಸಿದರು. ಡಿಸೆಂಬರಿನಲ್ಲಿ ಲೋಕಸಭೆ ಅವರನ್ನು ಹೊರಗೆ ಹಾಕಿತು, ಗೆದ್ದದ್ದೂ ದಕ್ಕಲಿಲ್ಲ. 1979ರ ಜೂನಿನಲ್ಲಿ ಅದೇ ಇಂದಿರಾ ಅರಸರನ್ನು ಪಕ್ಷದಿಂದ ಕಿತ್ತರು. 1980ರ ಜನವರಿಯ ಲೋಕಸಭೆ ಚುನಾವಣೆಯಲ್ಲಿ ಇಂದಿರಾ ಕಾಂಗ್ರೆಸ್ಸಿಗೆ 28ರಲ್ಲಿ 27. ಅರಸು ಕಾಂಗ್ರೆಸ್ಸಿಗೆ ಸೊನ್ನೆ. ಅವರೇ ಟಿಕೆಟ್ ಕೊಟ್ಟು ಬೆಳೆಸಿದ ಶಾಸಕರು ರಾತ್ರಿ ಬೆಳಗಾಗುವುದರಲ್ಲಿ ಇಂದಿರಾ ಪಕ್ಷದ ಗುಂಡೂರಾಯರ ಕಡೆ ಹೋದರು. ಲೈನ್ ಮನೆಯವರನ್ನು ಅಪ್ಪ ಕೇಳಿದರಂತೆ, ಭೂಮಿ ಕೊಟ್ಟವರು ಅರಸು ಅಲ್ವಾ, ಓಟು ಯಾಕೆ ಹಾಕಲಿಲ್ಲ ಅಂತ. "ಅಯ್ಯೋ, ಕೈ ಅಂದರೆ ಇಂದಿರಮ್ಮ, ಇಂದಿರಮ್ಮ ಅಂದರೆ ಅರಸು, ಬೇರೆ ಬೇರೆ ಅಂತ ನಮಗೆ ಯಾರು ಹೇಳಿದರು" ಅಂದರಂತೆ. 1982ರಲ್ಲಿ ಅರಸು ತೀರಿಕೊಂಡಾಗ ಅದೇ ಜನ ಅತ್ತರು.

ಕೋಟೆ ಒಡೆದರು, ಸ್ವಂತಕ್ಕೆ ಗುಡಿಸಲು ಕಟ್ಟಿಕೊಳ್ಳಲಿಲ್ಲ. ನಾನಾದರೆ ಇದನ್ನೇ ಅವರ ದೊಡ್ಡ ತಪ್ಪು ಅನ್ನುತ್ತೇನೆ.

ಜರ್ಸಿಗೌಡ:

ನ್ಯೂಜೆರ್ಸಿಯಿಂದ ಒಂದು ಸಣ್ಣ ಮಾತು. ಇಲ್ಲಿ 2020ರ ಚುನಾವಣೆ ಹೊತ್ತಿಗೆ ನಮ್ಮ ಕನ್ನಡ ಕೂಟದ ವಾಟ್ಸಾಪ್ ಗುಂಪು ಎರಡಾಯಿತು. ಟ್ರಂಪ್ ಕಡೆಯವರು ಒಂದು, ಬೈಡನ್ ಕಡೆಯವರು ಒಂದು. ಯುಗಾದಿಗೆ ಹೋಳಿಗೆ ಯಾರು ಮಾಡಬೇಕು ಅಂತ ಕೇಳಲು ಮೂರನೇ ಗುಂಪು ಮಾಡಬೇಕಾಯಿತು, ತಮಾಷೆ ಅಲ್ಲ. ನಿಮ್ಮ ಕತೆ ಓದಿದಾಗ ಒಂದು ವ್ಯತ್ಯಾಸ ಕಂಡಿತು. ನಿಮ್ಮ ಊರಿನ ಜಗಳದಲ್ಲಿ ನಡುವೆ ಎರಡು ಎಕರೆ ಗದ್ದೆ ಇತ್ತು. ನಮ್ಮ ಗುಂಪು ಒಡೆದಾಗ ನಡುವೆ ಏನೂ ಇರಲಿಲ್ಲ. ಯಾರ ಮನೆಯಿಂದಲೂ ಒಂದು ಚಮಚ ಹೋಗಿರಲಿಲ್ಲ. ಆದರೂ ಇನ್ನೂ ಕೂಡಿಲ್ಲ.

ಬೈಟೂಕಾಫಿ:

ಜರ್ಸಿಗೌಡರ ಮಾತು ಮುಟ್ಟಿತು. ಗದ್ದೆ ಇದ್ದರೆ ಅಳೆದು ಮುಗಿಸಬಹುದು. ಈಗಿನ ಜಗಳಗಳನ್ನು ಯಾವ ನ್ಯಾಯಮಂಡಳಿ ಅಳೆಯುತ್ತದೆ? ಆದರೂ ನನ್ನ ಜೈಲಿನ ಪ್ರಶ್ನೆಗೆ ಯಾರೂ ಉತ್ತರ ಕೊಟ್ಟಿಲ್ಲ, ನೆನಪಿರಲಿ.

ಮುಡಿಅಕ್ಕಿ:

ಕೊಡುತ್ತೇನೆ, ನನಗೆ ತಿಳಿದಷ್ಟು. ನೀವು ಹೇಳಿದ್ದನ್ನು ತಳ್ಳಿಹಾಕಲು ಆಗುವುದಿಲ್ಲ. ತುರ್ತು ಪರಿಸ್ಥಿತಿಯ ಆ ಇಪ್ಪತ್ತೊಂದು ತಿಂಗಳು ಅರಸು ಹೆಸರಿಗೆ ಅಂಟಿಕೊಂಡೇ ಇರುತ್ತದೆ. ಅಂಟಿಕೊಂಡಿರಬೇಕು ಕೂಡ. ಇಂದಿರಾ ಗಾಂಧಿಯ ಬಲ ಇಲ್ಲದೆ ಅರಸು ಇಲ್ಲ, ಆ ಬಲ ಎರವಲು ತಂದದ್ದು. ಎರವಲಿಗೆ ಬಡ್ಡಿ ಕಟ್ಟಿದರು. ಬಡ್ಡಿಯನ್ನು ಕಟ್ಟಿದ್ದು ಯಾರ ಮೈಯಿಂದ ಅನ್ನುವುದೇ ನಿಮ್ಮ ಪ್ರಶ್ನೆ, ಅಲ್ವಾ?

ಆದರೆ ಬಾಯಿ ಮುಚ್ಚಿಸಿ ಭೂಮಿ ಕಿತ್ತರು ಅನ್ನುವುದನ್ನು ನಮ್ಮ ಮನೆಯ ಮಟ್ಟಿಗೆ ಒಪ್ಪುವುದಿಲ್ಲ. ಅಜ್ಜಿಯ ಬಾಯಿ ತೆರೆದೇ ಇತ್ತು, ಯಾರೂ ಕೇಳಲಿಲ್ಲ. ಸೆನ್ಸಾರ್ ಇಲ್ಲದಿದ್ದರೂ ಯಾವ ಪತ್ರಿಕೆ ಅವರ ಎರಡು ಎಕರೆ ಬಗ್ಗೆ ಬರೆಯುತ್ತಿತ್ತು? ದೊಡ್ಡ ಜಮೀನ್ದಾರರಿಗೆ ದಾರಿ ಇತ್ತು. ಮನೆಯವರ ಹೆಸರಿಗೆ ಪಾಲು, ಹಳೇ ತಾರೀಕಿನ ಕಾಗದ, ಒಕ್ಕಲನ್ನು ಕೂಲಿಯಾಳು ಅಂತ ತೋರಿಸುವುದು. ಅಜ್ಜಿಗೆ ಓದಲೂ ಬರುತ್ತಿರಲಿಲ್ಲ. ನೂರು ಎಕರೆಯ ಧಣಿಗೂ ಎರಡು ಎಕರೆಯ ವಿಧವೆಗೂ ಒಂದೇ ಕಾಯ್ದೆ. ಪರಿಹಾರ ಅಂತ ಬಂದದ್ದು ಅಪ್ಪನ ಹೈಸ್ಕೂಲು ಫೀಸಿಗೂ ಸಾಲಲಿಲ್ಲ. ಅಜ್ಜಿ ಬೀಡಿ ಕಟ್ಟಿದರು. ಸೂಪು (ಮೊರ) ಮಡಿಲಲ್ಲಿ ಇಟ್ಟುಕೊಂಡು, ಎಲೆ ಕತ್ತರಿಸಿ, ಸಾವಿರ ಬೀಡಿಗೆ ಇಷ್ಟು ಅಂತ. ಬ್ರಾಹ್ಮಣರ ಮನೆಯಲ್ಲಿ ಬೀಡಿಯಾ ಅಂತ ನಕ್ಕವರೂ ಇದ್ದರು. ಸಂಜೆ ಬೀಡಿ ಕೊಡಲು ಹೋಗುವಾಗ ಅದೇ ಒಕ್ಕಲಿನ ಮನೆಯ ಹೆಂಗಸರೂ ಸಾಲಿನಲ್ಲಿ ನಿಂತಿರುತ್ತಿದ್ದರು. ಮಾತಿಲ್ಲ, ಆದರೆ ಒಂದೇ ಸಾಲು.

ನನಗೆ ಅರಸು ಮೇಲಿರುವ ದೂರು ಇದೊಂದೇ. ಗೆದ್ದವರ ಸಭೆಗೆ ಹೋದರು. ಸೋತವರಲ್ಲೂ ಬಡವರು ಇದ್ದಾರೆ ಅಂತ ಒಂದು ಸಲ ಹೇಳಿದ್ದರೆ ನಮ್ಮ ಮನೆಯಲ್ಲಿ ಆ ಸಿಟ್ಟು ಅಷ್ಟು ವರ್ಷ ಉರಿಯುತ್ತಿರಲಿಲ್ಲವೇನೋ. ಆ ಸಿಟ್ಟನ್ನು ಆಮೇಲೆ ಬೇರೆಯವರು ಬಂದು ಎತ್ತಿಕೊಂಡು ಹೋದರು. ಯಾವ ಕಡೆಗೆ ಅಂತ ಕರಾವಳಿಯ ರಾಜಕೀಯ ನೋಡಿದವರಿಗೆ ಗೊತ್ತು.

ಹುಣಸೇಕಟ್ಟೆ:

ಬೀಡಿ ವಿಷಯ ಓದಿ ಸ್ವಲ್ಪ ಹೊತ್ತು ಸುಮ್ಮನೆ ಕೂತೆ. ಅದು ಅನ್ಯಾಯ, ಒಪ್ಪುತ್ತೇನೆ. ಸಣ್ಣ ಹಿಡುವಳಿಗೆ ಬೇರೆ ಲೆಕ್ಕ ಇರಬೇಕಾಗಿತ್ತು.

ಆದರೆ ಒಂದು ಮಾತು. ಸಣ್ಣವರಿಗೆ ವಿನಾಯಿತಿ ಅಂತ ಬಾಗಿಲು ತೆರೆದಿಟ್ಟಿದ್ದರೆ ಆ ಬಾಗಿಲಿನಿಂದ ಮೊದಲು ನುಗ್ಗುತ್ತಿದ್ದವರು ದೊಡ್ಡವರೇ. ಎಲ್ಲರೂ ವಿಧವೆ ಅಕ್ಕನ ಹೆಸರಿಗೆ ಬರೆಯುತ್ತಿದ್ದರು. 1961ರ ಕಾಯ್ದೆ ಹಾಗೇ ಹಳ್ಳ ಹಿಡಿಯಿತು. ಇನ್ನು ಸೋತವರ ಹತ್ತಿರ ನಾಯಕ ಬಂದು ಮಾತಾಡಬೇಕಿತ್ತು ಅಂತೀರಿ. ನಮ್ಮ ತಾತ, ಅವರ ತಾತ, ಅವರ ತಾತ, ಯಾರ ಹತ್ತಿರ ಯಾರು ಬಂದು ಮಾತಾಡಿದರು? ಸೋತಿದ್ದೇ ಅವರಿಗೆ ಬದುಕಾಗಿತ್ತು. ನಿಮ್ಮ ಅಜ್ಜಿಯ ದುಃಖಕ್ಕೆ ಒಂದು ತಾರೀಕು ಇದೆ. ನಮ್ಮವರದ್ದಕ್ಕೆ ಅದೂ ಇಲ್ಲ.

ಮುಡಿಅಕ್ಕಿ:

ನೀವು ಹೇಳಿದ್ದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ.

ಪೇಟೆಬೀದಿ:

ಪೂರ್ತಿ ಓದಿದೆ, ತಪ್ಪಾಯಿತು. ಆ ಗದ್ದೆ ಈಗ ಏನಾಗಿದೆ?

ಮುಡಿಅಕ್ಕಿ:

ಕೇಳಿದ್ದು ಒಳ್ಳೆಯದಾಯಿತು, ಹೇಳಬೇಕು ಅಂತಲೇ ಇದ್ದೆ.

1987ರಲ್ಲಿ ಅಜ್ಜಿ ತೀರಿಕೊಂಡಾಗ ಆ ಒಕ್ಕಲಿನವರು ಬಂದು ಬೇಲಿಯ ಹತ್ತಿರ ನಿಂತರು. ಅಪ್ಪ ಹೋಗಿ ಕರೆದುಕೊಂಡು ಬಂದರು. ಜಗಲಿ ಹತ್ತಿದ್ದು ಅದೇ ಮೊದಲು. ಅಪ್ಪ ಇವತ್ತಿಗೂ ಅರಸು ಅಂದರೆ ಉರಿಯುತ್ತಾರೆ, ಆದರೆ ಆ ಮನೆಯ ಮದುವೆಗಳಿಗೆಲ್ಲ ಹೋಗುತ್ತಾರೆ. ಮೊದಲ ಪಂಕ್ತಿಯಲ್ಲೇ ಕೂರುತ್ತಾರೆ.

ಈಗ ಅವರ ಮೊಮ್ಮಗ ಬೆಂಗಳೂರಿನಲ್ಲಿ. ಕಂಪ್ಯೂಟರ್ ಕೆಲಸ. ಗದ್ದೆ ಹಡೀಲು (ಪಾಳು) ಬಿದ್ದು ಹತ್ತು ವರ್ಷ ಆಯಿತು. 2020ರಲ್ಲಿ ಕಾಯ್ದೆ ಬದಲಾಯಿಸಿ 79ಎ, 79ಬಿ ತೆಗೆದರಲ್ಲ, ಈಗ ಕೃಷಿಕರಲ್ಲದವರೂ ಕೊಳ್ಳಬಹುದು. ಯಾರೋ ಪಾರ್ಟಿ ಬಂದಿದೆ, ರೆಸಾರ್ಟೋ ಏನೋ ಮಾಡುತ್ತಾರಂತೆ. ಮಾರುವುದು ತಪ್ಪು ಅಂತ ನಾನು ಹೇಳಲಾರೆ, ನಾನೂ ಊರು ಬಿಟ್ಟವನೇ. ಅವನೇ ಫೋನ್ ಮಾಡಿದ್ದ. ಸರ್ವೆಯವರು ಬರುತ್ತಾರೆ, ಮೇಲಿನ ಬದಿಯ ಗಡಿ ಕಲ್ಲು ಸಿಗುತ್ತಿಲ್ಲ, ನಿಮ್ಮಪ್ಪನಿಗೆ ಗೊತ್ತಿರಬಹುದಾ ಅಂತ. ನಾನು ಊರಿಗೆ ಹೋಗಿದ್ದೂ, ಪೆಟ್ಟಿಗೆ ಇಳಿಸಿದ್ದೂ ಅದಕ್ಕೇ.

ಅಪ್ಪನಿಗೆ ಮಂಡಿ ನೋವು. ಆದರೂ ಕೋಲು ಹಿಡಿದುಕೊಂಡು ಬಂದರು. ಲಂಟಾನ ಸವರುತ್ತಾ ಹೋದೆವು, ಮುಂದೆ ಆ ಹುಡುಗ ಕತ್ತಿ ಹಿಡಿದು, ಹಿಂದೆ ನಾನು, ನಡುವೆ ಅಪ್ಪ. ಒಂದು ಹಾಳು ಹುತ್ತದ ಪಕ್ಕ ನಿಂತು ಅಪ್ಪ ಕೋಲಿನಿಂದ ನೆಲ ಕುಟ್ಟಿದರು. ಟಣ್ ಅಂದಿತು. "ಇದೇ ಕಲ್ಲು. ನಿನ್ನಜ್ಜ ಇದರ ಮೇಲೆ ಕೂತೇ ಗಂಜಿ ಕುಡಿಯುತ್ತಿದ್ದದ್ದು" ಅಂದರು. ಹುಡುಗ ಫೋನ್ ತೆಗೆದು ಕಲ್ಲಿನ ಫೋಟೋ ಹಿಡಿದ. ಸರ್ವೆಯವನು ಆವತ್ತು ಬರಲೇ ಇಲ್ಲ.